ಒಂಬೈನೂರ ಹನ್ನೆರಡು ಹೆಜ್ಜೆ

ನಮ್ಮ ಮನೆಯಿಂದ ವಾಚನಾಲಯಕ್ಕೆ ಉದ್ದಬೀದಿಯಲ್ಲಿ ಹೋದರೆ ಇನ್ನೂರ ಮೂವತ್ತು ಹೆಜ್ಜೆ ಎಂದು ಅಮ್ಮ ಹೇಳುತ್ತಿದ್ದಳು. ನಾನು ಹೋಗುತ್ತಿದ್ದ ದಾರಿಯಲ್ಲಿ ಒಂಬೈನೂರ ಹನ್ನೆರಡು. ಹಿತ್ತಿಲ ಬಾಗಿಲಿನಿಂದ ಹೊರಟು, ಗಾಣದ ಮನೆಯ ಬೆನ್ನಿಗೆ ಬಳಸಿ, ಕೆರೆಯ ಏರಿಯ ಕೆಳಗೆ ಇಳಿದು, ಅಗಸರ ಕಲ್ಲುಗಳನ್ನು ದಾಟಿ, ವಾಚನಾಲಯದ ಹಿಂಬಾಗಿಲು ಸೇರಬೇಕು. ದಿನಚರಿಯ ಪ್ರತಿ ಪುಟದ ಮೇಲಿನ ಮೂಲೆಯಲ್ಲಿ ಆ ಸಂಖ್ಯೆಯನ್ನು ಬರೆಯುತ್ತಿದ್ದೆ. ಮಳೆಗಾಲದಲ್ಲಿ ಒಂದೆರಡು ಹೆಜ್ಜೆ ಹೆಚ್ಚು, ಬೇಸಗೆಯಲ್ಲಿ ಒಂದೆರಡು ಕಡಿಮೆ. ಬೇರೇನೂ ಬರೆಯದ ದಿನವೂ ಮೂಲೆಯಲ್ಲಿ ಅದೊಂದು ಇರುತ್ತಿತ್ತು, ನಾನು ಆ ದಿನ ಬದುಕಿದ್ದೆ ಅನ್ನುವುದಕ್ಕೆ ಸಾಕ್ಷಿಯ ಹಾಗೆ.

ನಮ್ಮ ಊರಿನ ನೆಲ ಮೆತ್ತಗಿನದು. ಒಬ್ಬರು ದಿನವೂ ಒಂದೇ ದಾರಿಯಲ್ಲಿ ಹೋಗಿಬಂದರೆ ತಿಂಗಳಿಗೆ ಬೆರಳುದ್ದ, ವರ್ಷಕ್ಕೆ ತೊಡೆಮಟ್ಟ ತಗ್ಗು ಬೀಳುತ್ತದೆ. ಅದಕ್ಕೆ ಜಾಡು ಅನ್ನುತ್ತೇವೆ. ಎತ್ತು ಎಮ್ಮೆ ನಡೆದರೆ ಏನೂ ಆಗುವುದಿಲ್ಲ, ಗಾಡಿಯ ಗಾಲಿಗೂ ಆಗುವುದಿಲ್ಲ. ಹತ್ತು ಜನ ಓಡಾಡುವ ಬೀದಿಯಲ್ಲೂ ಆಗುವುದಿಲ್ಲ. ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರ ಹೆಜ್ಜೆ ಬಿದ್ದರೆ ನೆಲಕ್ಕೆ ಯಾರನ್ನು ನೆನಪಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲವೋ ಏನೋ. ಒಬ್ಬರೇ ನಡೆಯುವ ಕಡೆ ಮಾತ್ರ ಅದು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ. ಮಕ್ಕಳಿಗೆ ಜಾಡು ಬೀಳುವುದಿಲ್ಲ. ಅವು ಯಾವತ್ತು ನೆಟ್ಟಗೆ ಹೋಗಿವೆ?

ಮನೆಯೊಳಗೂ ಹೀಗೆಯೇ. ಒಲೆಯಿಂದ ನೀರಿನ ಹಂಡೆಯವರೆಗೆ ಅಮ್ಮನದೊಂದು ಗೇಣಾಳದ ಜಾಡಿದೆ. ಅದನ್ನು ಮುಚ್ಚಿಸಿಕೊಳ್ಳಲು ಅವಳಿಗೆ ಇಷ್ಟವಿಲ್ಲ. "ಕಣ್ಣು ಮುಚ್ಕೊಂಡು ಸಾರು ಇಳಿಸ್ತೀನಿ, ನಿಂಗೇನು ಕಷ್ಟ?" ಅನ್ನುತ್ತಾಳೆ. ಊರ ಆಚೆ ಕೊನೆಯ ಪುಟ್ಟಸ್ವಾಮಪ್ಪನವರದು ಇನ್ನೊಂದು ರೀತಿ. ಹೆಂಡತಿಯ ಮೇಲಿನ ಕೋಪಕ್ಕೆ ಹೊಲಕ್ಕೆ ಬೇರೆ ದಾರಿ ಹಿಡಿದವರು ಕೋಪ ಹೋದ ಮೇಲೂ ಅದನ್ನು ಬಿಡಲಿಲ್ಲ, ಯಾರ ಕೈಯಲ್ಲೂ ಮುಚ್ಚಿಸಿಕೊಳ್ಳಲಿಲ್ಲ. ಈಗ ಅವರು ಹೊಲಕ್ಕೆ ಹೋಗುವಾಗ ನೆಲದ ಮೇಲೆ ಒಂದು ಕಪ್ಪು ಛತ್ರಿ ಮಾತ್ರ ತೇಲಿಕೊಂಡು ಹೋಗುವುದು ಕಾಣುತ್ತದೆ. ಅವರ ಹೆಂಡತಿ ಛತ್ರಿಗೆ ಕೂಗಿ ಊಟಕ್ಕೆ ಕರೆಯುತ್ತಾರೆ.

ಶಿವರಾತ್ರಿ ಕಳೆದು ಹೊಂಗೆ ಮರಗಳು ಚಿಗುರಿ, ಹೂವು ಉದುರಲು ತೊಡಗಿದಾಗ ಈ ನೆಲಕ್ಕೂ ಮನಸ್ಸು ಹಗುರವಾಗುತ್ತದೆ. ಹೆಜ್ಜೆಗೊಂದು ಹಿಡಿ ಕೆರೆಮಣ್ಣು ಹಾಕುತ್ತ ಹೋದರೆ ಸಾಕು, ಮಾರನೇ ದಿನಕ್ಕೆ ಜಾಡು ಇಡ್ಲಿ ಹಿಟ್ಟಿನ ಹಾಗೆ ಉಬ್ಬಿ ಸಮವಾಗಿರುತ್ತದೆ. ಸುಮಾರು ಹದಿನೈದು ದಿನ, ಹೂವು ಉದುರಿ ಮುಗಿಯುವವರೆಗೆ. ಆಮೇಲೆ ಎಷ್ಟು ಗಾಡಿ ಮಣ್ಣು ಸುರಿದರೂ ಇಲ್ಲ, ಮುಂದಿನ ವರ್ಷವೇ. ಆದರೆ ಮಣ್ಣು ಹಾಕುವ ಕೈ ಬೇರೆಯವರದಾಗಿರಬೇಕು. ಹಾಗಾಗಿ ಆ ಹದಿನೈದು ದಿನ ಊರಿನಲ್ಲಿ ಎಲ್ಲರೂ ಒಬ್ಬರ ಮನೆಗೆ ಒಬ್ಬರು ಹೋಗಿ, "ನಮ್ಮದೊಂದು ಜಾಡು ಮುಚ್ಚಿಕೊಡಿ" ಎಂದು ಕೇಳುತ್ತಿರುತ್ತಾರೆ. ಮುಚ್ಚುವವರು ಮಂಕರಿ ಹೊತ್ತುಕೊಂಡು ಈ ತುದಿಯಿಂದ ಆ ತುದಿಯವರೆಗೆ ನಡೆಯಲೇಬೇಕಲ್ಲ, ಯಾರು ಎಲ್ಲಿಗೆ ಹೋಗುತ್ತಾರೆ ಎಲ್ಲಿ ನಿಲ್ಲುತ್ತಾರೆ ಎಲ್ಲವೂ ಗೊತ್ತಾಗಿಬಿಡುತ್ತದೆ. ಅದಕ್ಕೇ ಹೆಂಡದಂಗಡಿಯ ಜಾಡುಗಳನ್ನು ಹೆಂಡದಂಗಡಿಯ ಗೆಳೆಯರೇ ಪರಸ್ಪರ ಮುಚ್ಚಿಕೊಳ್ಳುತ್ತಾರೆ. ಗಂಡ ಹೆಂಡತಿ ಒಬ್ಬರದನ್ನೊಬ್ಬರು ಮುಚ್ಚುವುದು ಕಡಿಮೆ.

ನನ್ನದನ್ನು ಅಮ್ಮ ಮುಚ್ಚುತ್ತಿದ್ದಳು. ಕಾಲೇಜಿಗೆಂದು ಮೂರು ವರ್ಷ ಗಟ್ಟಿ ನೆಲದ ಬೇರೆ ಊರಿನಲ್ಲಿದ್ದು, ಇತಿಹಾಸದಲ್ಲಿ ಬಿ.ಎ. ಮುಗಿಸಿ ಬಂದ ಮಾರನೇ ದಿನವೇ ನನ್ನ ಕಾಲು ಹಿತ್ತಿಲ ಬಾಗಿಲಿಗೆ ತಾನಾಗಿ ಹೋಗಿತ್ತು. ವಾಚನಾಲಯದಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಮೊದಲೆರಡು ವಸಂತ ಅಮ್ಮ ಮಣ್ಣು ಹಾಕಿದಳು. ಮೂರನೆಯದರಲ್ಲಿ ಅವಳಿಗೆ ಜ್ವರ, ತಪ್ಪಿಹೋಯಿತು. ನಾಲ್ಕನೆಯ ವಸಂತದ ಹೊತ್ತಿಗೆ ಜಾಡು ನನ್ನ ಎದೆಮಟ್ಟ ಬಂದಿತ್ತು.

ನಿಜ ಹೇಳಬೇಕೆಂದರೆ ಅದರೊಳಗೆ ನನಗೆ ಕಷ್ಟವೇನೂ ಇರಲಿಲ್ಲ. ತಂಪಾಗಿತ್ತು. ಎರಡೂ ಪಕ್ಕ ಗರಿಕೆಯ ಬೇರು, ಇರುವೆಗಳ ಸಾಲು. ಯಾರಾದರೂ ಬರುವ ಸದ್ದಾದರೆ ತಲೆ ತಗ್ಗಿಸಿ ನಿಂತರೆ ಸಾಕು. ಹಾಗೆ ಬಗ್ಗಿದಾಗ ನನಗೆ ಜನರ ಮುಖ ಕಾಣುತ್ತಿರಲಿಲ್ಲ, ಪಾದ ಕಾಣುತ್ತಿತ್ತು. ಗಾಣದ ಮನೆಯವರ ಎಣ್ಣೆ ಹತ್ತಿದ ಹಿಮ್ಮಡಿ, ಅಗಸರ ಅಜ್ಜಿಯ ನೀರಿನಲ್ಲಿ ನೆನೆದು ಬಿಳಚಿದ ಬೆರಳು. ಅಗಸರ ಕಲ್ಲಿನ ಹತ್ತಿರ ದಿನವೂ ಒಂದು ಜೊತೆ ಪಾದ ಬರುತ್ತಿತ್ತು, ಎಡಗಾಲಿನ ಗಂಟಿನ ಮೇಲೆ ಕೆಂಪು ದಾರ. ಅದು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ, ಸುಮ್ಮನೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಏನೋ ಗುನುಗುತ್ತಿತ್ತು. ಆ ಪಾದದ ಬಗ್ಗೆ ದಿನಚರಿಯಲ್ಲಿ ನಾಲ್ಕು ಪುಟ ಬರೆದಿದ್ದೇನೆ. ಮುಖ ಯಾವುದೆಂದು ಗೊತ್ತಿರಲಿಲ್ಲ.

ಆ ವರ್ಷ ಹೊಂಗೆ ಹೂವು ಉದುರತೊಡಗಿದ ದಿನ ವಾಚನಾಲಯದ ಗುರುಪಾದಯ್ಯ ಮೇಷ್ಟ್ರು ನನ್ನನ್ನು ಕರೆದರು. ಮೂವತ್ತು ವರ್ಷದಿಂದ ಮುಂಬಾಗಿಲು ತೆಗೆಯುವವರು ಅವರೇ. ಸೊಂಟದ ದಾರದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟರು.

"ನೋಡಮ್ಮ ವಾರಿಜ, ಯುಗಾದಿ ಆದ್ಮೇಲೆ ನಾನು ಬರೋನಲ್ಲ. ಮಂಡಿ ಕೇಳಲ್ಲ ಅಂತಿದೆ. ಇನ್ಮೇಲೆ ಪೂರ್ತಿ ದಿನ ನೀನೇ ನೋಡ್ಕೋಬೇಕು. ಸಮಿತಿಯೋರಿಗೂ ಹೇಳಿದೀನಿ, ನಿನ್ನ ಬಿಟ್ರೆ ಬೇರೆ ಯಾರಿಗೂ ಆ ಕಪಾಟುಗಳ ತಲೆಬುಡ ಗೊತ್ತಿಲ್ಲ ಅಂತ."

ಅದಕ್ಕಿಂತ ಹೆಚ್ಚು ಬೇಕೆಂದು ನಾನು ಏನನ್ನೂ ಬಯಸಿರಲಿಲ್ಲ. ಆ ಕಪಾಟುಗಳು, ಆ ಕಾಗದದ ವಾಸನೆ, ಇಡೀ ದಿನ. ತಲೆಯಾಡಿಸಿದೆ.

"ಒಂದೇ ಮಾತು," ಅಂದರು ಮೇಷ್ಟ್ರು. "ಮುಂಬಾಗಿಲ ಬೀಗ ಬೀದಿ ಕಡೆಯಿಂದ್ಲೇ ತೆಗೀಬೇಕು. ಹತ್ತು ಗಂಟೆಗೆ ಜನ ಮೆಟ್ಟಿಲ ಮೇಲೆ ಪೇಪರಿಗೆ ಕಾಯ್ತಿರ್ತಾರೆ. ನೀನು ಹಿಂದಿನಿಂದ ನುಸುಳಿ ಬಂದ್ರೆ ಆಗಲ್ಲ. ಆಗಲ್ಲಾಂದ್ರೆ ಈಗಲೇ ಹೇಳಿಬಿಡು, ಸಮಿತಿಯೋರು ಬೇರೆಯೋರ್ನ ಹುಡುಕ್ತಾರೆ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಹುರುಳಿಕಾಳು ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತಲಿಲ್ಲ.

"ಸರಿ, ಬೀದೀಲಿ ಹೋಗು."

"ಆಗಲ್ಲಮ್ಮ. ಕಾಲು ಆ ಕಡೆಗೇ ತಿರುಗುತ್ತೆ."

ಅದು ನೆಪವಲ್ಲ. ಎದೆಮಟ್ಟದ ಜಾಡಿದ್ದವರಿಗೆ ಗೊತ್ತಿರುತ್ತದೆ. ಹಿಂದಿನ ವರ್ಷ ಒಮ್ಮೆ ಮುಂಬಾಗಿಲಿನಿಂದ ಹೊರಟು ನೋಡಿದ್ದೆ. ಏನೋ ಯೋಚಿಸುತ್ತ ನಡೆದವಳು ತಲೆ ಎತ್ತಿದಾಗ ಗಾಣದ ಮನೆಯ ಹಿಂದೆ ನನ್ನ ತಗ್ಗಿನಲ್ಲೇ ನಿಂತಿದ್ದೆ.

"ಹಂಗಾದ್ರೆ ಮುಚ್ಚಿಸ್ಕೋ."

"ನೀನು..."

"ನಾನು ಮುಚ್ಚಲ್ಲ ಕಣೇ ಈ ಸಲ. ಎರಡು ವರ್ಷ ಮುಚ್ಚಿದ್ನಲ್ಲ, ಏನು ಮಾಡಿದೆ? ಬೆಳಿಗ್ಗೆ ಎದ್ದು ಅದರ ಮೇಲೇ ನಡೆದೆ, ಗೆರೆ ಎಳೆದಂಗೆ. ನಾನು ಹಾಕಿದ ಮಣ್ಣು ನಿಂಗೆ ಲೆಕ್ಕಕ್ಕಿಲ್ಲ. ಹೊರಗಿನೋರ ಹತ್ರ ಬಾಯಿಬಿಟ್ಟು ಕೇಳು. ಕೇಳಿ ಹಾಕಿಸ್ಕೊಂಡ್ರೆ ಅದನ್ನ ತುಳಿಯಕ್ಕೆ ನಿಂಗೇ ಮನಸ್ಸು ಬರಲ್ಲ."

ಅಮ್ಮನ ಮೇಲೆ ಅಂದು ಎರಡೂವರೆ ಪುಟ ಬರೆದೆ. ಒಂದೂ ಒಳ್ಳೆಯ ಮಾತಲ್ಲ.

ಆಮೇಲೆ ಯಾರನ್ನು ಕೇಳಬಹುದೆಂದು ಪಟ್ಟಿ ಮಾಡಿದೆ. ಹತ್ತು ಹೆಸರು ಬರೆದು ಹತ್ತನ್ನೂ ಹೊಡೆದುಹಾಕಿದೆ. ಐದನೆಯ ದಿನ, ಊರಿನಲ್ಲಿ ಹುಟ್ಟಿದ ಯಾರೂ ಮಾಡದ ಕೆಲಸ ಮಾಡಿದೆ. ಮಟಮಟ ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಮಂಕರಿಯಲ್ಲಿ ಕೆರೆಮಣ್ಣು ತುಂಬಿಕೊಂಡು ನನ್ನ ಜಾಡಿಗೆ ನಾನೇ ಹಾಕಿದೆ. ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತು. ಆದರೆ ಯಾರಾದರೂ ನಿಜವಾಗಿ ಪರೀಕ್ಷೆ ಮಾಡಿ ನೋಡಿದ್ದಾರೆಯೇ, ದಾಖಲೆ ಎಲ್ಲಿದೆ ಎಂದು ನನ್ನ ಬಿ.ಎ. ಕೇಳಿತು. ಮಾರನೇ ದಿನ ನೋಡಿದರೆ ನನ್ನ ಹಿಡಿ ಹಿಡಿ ಮಣ್ಣೂ ಒಳಕ್ಕೆ ಹೋಗಿ, ಜಾಡು ಇನ್ನೊಂದು ಗೇಣು ಇಳಿದು ಭುಜದ ಮಟ್ಟ ಬಂದಿತ್ತು. ಹಿತ್ತಿಲಲ್ಲಿ ಪಾತ್ರೆ ಒಣಹಾಕುತ್ತಿದ್ದ ಅಮ್ಮನಿಗೆ ನನ್ನ ತಲೆಯಷ್ಟೇ ಕಂಡಿರಬೇಕು.

"ಪುಟ್ಟಸ್ವಾಮಪ್ಪನೋರ ಹತ್ರ ಛತ್ರಿ ಎಲ್ಲಿ ತಂದ್ರಿ ಅಂತ ಕೇಳ್ಕೊಂಡು ಬರ್ಲೇನೇ?" ಎಂದು ಕೂಗಿದಳು. ನನಗೆ ಅಳು ಬಂತು. ಜೊತೆಗೆ ನಗುವೂ ಬಂತು, ಅದನ್ನು ಅವಳಿಗೆ ತೋರಿಸಲಿಲ್ಲ.

ಹೊಂಗೆ ಮರ ದಿನದಿನಕ್ಕೆ ಖಾಲಿಯಾಗುತ್ತಿತ್ತು. ವಾಚನಾಲಯದ ಹಿಂದೆ ಒಂದು ದೊಡ್ಡ ಮರವಿದೆ. ನೆಲವೆಲ್ಲ ಅರಳು ಚೆಲ್ಲಿದ ಹಾಗೆ, ನಡುವೆ ಒಂದಿಷ್ಟು ನಸುನೇರಳೆ. ನೋಡಲು ಅಷ್ಟು ಚೆಂದವಿದ್ದರೂ ಬೀಳುವ ಒಂದೊಂದು ಹೂವೂ ನನಗೆ ಗಡಿಯಾರದ ಸದ್ದಿನಂತಿತ್ತು.

ಹತ್ತನೆಯ ದಿನ ಒಂದು ದಾರಿ ಹೊಳೆಯಿತು. ಬಾಯಿಬಿಟ್ಟು ಕೇಳಲು ಆಗುವುದಿಲ್ಲ, ಆದರೆ ಬರೆದು ಕೇಳಬಹುದಲ್ಲ. ಬರೆಯುವುದೊಂದು ನನಗೆ ಬರುತ್ತದೆ. ಯಾರಿಗೆ ಎಂಬುದೂ ಹೊಳೆಯಿತು: ಸೊಪ್ಪಿನ ದ್ಯಾವೀರಮ್ಮನಿಗೆ. ದಿನವೂ ನಮ್ಮ ಮನೆಗೆ ಸೊಪ್ಪು ಹಾಕುವ ಆಕೆ ನನ್ನನ್ನು ಯಾವತ್ತೂ ಮಾತಾಡಿಸಿ ಪೇಚಿಗೆ ಸಿಕ್ಕಿಸಿದವಳಲ್ಲ. ಮಧ್ಯಾಹ್ನ ವಾಚನಾಲಯದ ಹಿಂಬಾಗಿಲಿಗೆ ಬಂದು ಹಳೆಯ ಪತ್ರಿಕೆ ಒಯ್ಯುತ್ತಾಳೆ. ಸಂಜೆ ಮನೆಯ ಮುಂದೆ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿರುವುದನ್ನು ನೋಡಿದ್ದೇನೆ.

ಮೂರು ಸಲ ಬರೆದು ಹರಿದು ನಾಲ್ಕನೆಯದನ್ನು ಉಳಿಸಿದೆ. ಮಾರನೇ ದಿನ ಆಕೆ ಅಮ್ಮನ ಜೊತೆ ಮಾತಾಡುತ್ತಿರುವಾಗ, ನಾಲ್ಕಾಗಿ ಮಡಚಿದ ಕಾಗದವನ್ನು ಆಕೆಯ ಬುಟ್ಟಿಯ ದಂಟಿನ ಸೊಪ್ಪಿನ ನಡುವೆ ಸಿಕ್ಕಿಸಿ ಒಳಗೆ ಓಡಿದೆ.

ಅಂದು ಮಧ್ಯಾಹ್ನ ನಾನು ವಾಚನಾಲಯದ ಹಿಂಬದಿ ಕೋಣೆಯಲ್ಲಿ ಹರಿದ ಪುಸ್ತಕಕ್ಕೆ ರಟ್ಟು ಅಂಟಿಸುತ್ತ ಕೂತಿದ್ದಾಗ ದ್ಯಾವೀರಮ್ಮ ಬಂದಳು. ಬುಟ್ಟಿ ಇಳಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಿಂದ ಕಾಗದ ತೆಗೆದು ನನ್ನ ಮುಂದೆ ಹಿಡಿದಳು.

"ಅವ್ವ, ಇದೇನು ನೋಡು. ಯಾವನೋ ನನ್ ಬುಟ್ಟೀಲಿ ಮಡಗವ್ನೆ. ಬೆಳಗಿಂದ ಎದೆ ಡವಡವ ಅಂತೈತೆ. ಸರ್ಕಾರದ್ದೇನೋ ಅಂತ."

"ನಿಮಗೆ... ನೀವು ಓದೋದಿಲ್ವಾ?"

"ನಾನಾ? ಅಯ್ಯೋ, ಓದಕ್ ಬಂದಿದ್ರೆ ಸೊಪ್ಪು ಯಾಕ್ ಮಾರ್ತಿದ್ದೆ?"

"ಮತ್ತೆ ಸಾಯಂಕಾಲ ಪೇಪರು..."

"ಅದಾ? ಸೊಪ್ಪು ಸುತ್ತಕ್ಕೆ ಅಳತೆಗೆ ಹರೀತಾ ಕೂತಿರ್ತೀನಿ. ಚಿತ್ರ ಇದ್ರೆ ನೋಡ್ತೀನಿ. ಓದವ್ವ ನೀನು."

ಕಾಗದ ನನ್ನ ಕೈಗೆ ಬಂತು. ನನ್ನದೇ ಅಕ್ಷರ, ಗುಂಡಗೆ, ಅಂಚು ಬಿಟ್ಟು. ಗೋಂದು ಹತ್ತಿದ ಬೆರಳು ಕಾಗದಕ್ಕೆ ಅಂಟಿಕೊಂಡಿತು.

"ಏನೂ ಇಲ್ಲ," ಅಂದೆ. "ಯಾವುದೋ ಹಳೇ ಕಾಗದ."

"ಏನೂ ಇಲ್ದಿದ್ರೆ ಇಷ್ಟು ಒಪ್ಪವಾಗಿ ಮಡಚ್ತಾರಾ? ನಿಂಗೆ ಓದಕ್ ಬೇಜಾರಾದ್ರೆ ಬಿಡು, ಮುಂದ್ಗಡೆ ಮೇಷ್ಟ್ರು ಅವ್ರೆ, ಅವ್ರ ಕೈಲಿ ಓದಿಸ್ಕೋತೀನಿ." ಆಕೆ ಕೈ ಚಾಚಿದಳು.

ಗುರುಪಾದಯ್ಯ ಮೇಷ್ಟ್ರು ಏನನ್ನು ಓದಿದರೂ ನಲವತ್ತು ಮಕ್ಕಳ ತರಗತಿಗೆ ಕೇಳುವ ಹಾಗೆ ಓದುತ್ತಾರೆ. ಮುಂದಿನ ಕೋಣೆಯಲ್ಲಿ ಕಡಿಮೆಯೆಂದರೂ ಎಂಟು ಜನರಿದ್ದರು.

"ಬೇಡ, ಓದ್ತೀನಿ," ಅಂದೆ.

"ಜೋರಾಗ್ ಓದು. ಒಂದ್ ಕಿವಿ ಮಂದ ನಂಗೆ."

ಓದಿದೆ. "ಇವರಿಗೆ, ಶ್ರೀಮತಿ ದ್ಯಾವೀರಮ್ಮನವರು. ವಿಷಯ: ಜಾಡು ಮುಚ್ಚಿಕೊಡುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..."

"ಸರ್ಕಾರದ್ದೇ!" ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನಾನಂದ್ಕೊಂಡೆ. ಮುಂದಕ್ ಓದು, ಎಷ್ಟು ದಂಡ?"

"ದಂಡ ಅಲ್ಲ. ಕೇಳಿ. ನನ್ನ ಜಾಡು ಎದೆಯ ಮಟ್ಟವನ್ನು ಮೀರಿದ್ದು, ಕಾರಣಾಂತರಗಳಿಂದ ಅದನ್ನು ಮುಚ್ಚಿಸಿಕೊಳ್ಳಲು ಸಾಧ್ಯವಾಗಿರುವುದಿಲ್ಲ. ಆದ್ದರಿಂದ ತಾವು ದಯಮಾಡಿ..."

"ಯಾರ ಜಾಡು?"

ನನ್ನ ದನಿ ಅಲ್ಲಿಗೆ ನಿಂತಿತು. ಕೆಳಗಡೆ ಸಹಿ ಇತ್ತು. ಅದನ್ನು ಓದಿದರೆ ಸಾಕಿತ್ತು, ಓದಲು ಆಗಲಿಲ್ಲ. ಕಾಗದ ಕೆಳಗಿಟ್ಟೆ.

"ನನ್ನದು," ಅಂದೆ. "ನಾನೇ ಬರೆದದ್ದು. ನನ್ನ ಜಾಡು ಮುಚ್ಚಿಕೊಡ್ತೀರಾ?"

ದ್ಯಾವೀರಮ್ಮ ನನ್ನ ಮುಖವನ್ನೂ ಕಾಗದವನ್ನೂ ಒಂದೆರಡು ಸಲ ನೋಡಿದಳು. ಆಮೇಲೆ ಬುಟ್ಟಿಯ ಪಕ್ಕ ಕುಸಿದು ಕೂತು ನಗತೊಡಗಿದಳು. ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ನನಗೆ ಗೋಡೆಯೊಳಗೆ ಸೇರಿಕೊಳ್ಳುವಂತಾಯಿತು. ಆದರೆ ಅಲ್ಲಿ ತಗ್ಗಿರಲಿಲ್ಲ, ನೆಲ ಸಮವಾಗಿತ್ತು, ಕೂತಲ್ಲೇ ಕೂತಿದ್ದೆ.

"ಬೆಳಗಿಂದ ಸತ್ತೇ ಹೋಗಿದ್ನಲ್ಲೇ ನಮ್ಮವ್ವ," ಅಂದಳು ಕಣ್ಣು ಒರೆಸಿಕೊಳ್ಳುತ್ತ. "ಮನೇಗೀನೇ ಕಿತ್ಕೋತಾರೇನೋ ಅಂತ. ಇಷ್ಟೇನಾ? ಹಿತ್ಲಲ್ಲಿ ನಿಂತು 'ದ್ಯಾವೀರಿ, ನಾಕು ಹಿಡಿ ಮಣ್ಣು ಹಾಕು' ಅಂದಿದ್ರೆ ಆಗ್ತಿರ್ಲಿಲ್ವಾ?"

"ಕೇಳಕ್ಕೆ ಬರಲಿಲ್ಲ."

"ಈಗ ಕೇಳ್ದಲ್ಲ. ನಾಳೆ ಸೊಪ್ಪು ಮಾರಿ ಬರ್ತೀನಿ. ಮಣ್ಣು ತುಂಬಿ ಮಡಗಿರು." ಎದ್ದು ಬುಟ್ಟಿ ಹೊತ್ತವಳು ತಿರುಗಿ ಕಾಗದ ತೆಗೆದುಕೊಂಡಳು. "ಇದು ನಂಗಿರ್ಲಿ. ನನ್ ಹೆಸ್ರಿಗೆ ಬಂದಿರೋ ಮೊದಲ್ನೇ ಕಾಗ್ದ."

ಮಾರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಬಂದಳು. ಸೀರೆ ಮೇಲಕ್ಕೆ ಕಟ್ಟಿ, ಮಂಕರಿ ಕಂಕುಳಲ್ಲಿಟ್ಟು, ನನ್ನ ಜಾಡಿನ ಅಂಚಿನಲ್ಲಿ ನಡೆಯುತ್ತ ಹೆಜ್ಜೆಗೊಂದು ಹಿಡಿ ಮಣ್ಣು ಎಸೆಯುತ್ತ ಹೋದಳು. ಮುಚ್ಚಿಸಿಕೊಳ್ಳುವವರು ಹಿಂದೆ ನಡೆಯಬೇಕು. ನಾನು ಮೇಲೆ, ಬಿಸಿಲಿನಲ್ಲಿ, ಆ ದಾರಿಯನ್ನು ಎರಡು ವರ್ಷಗಳಲ್ಲಿ ಮೊದಲ ಸಲ ಮೇಲಿನಿಂದ ನೋಡುತ್ತ ನಡೆದೆ. ಕೆರೆಯ ಏರಿಯ ಮೇಲೆ ಅಷ್ಟೊಂದು ಎಕ್ಕದ ಗಿಡಗಳು ಬೆಳೆದದ್ದು ನನಗೆ ಗೊತ್ತೇ ಇರಲಿಲ್ಲ.

ಆಕೆಗೆ ಜಾಡು ಓದಲು ಬರುತ್ತಿತ್ತು. "ಇಲ್ಲಿ ನಿಂತ್ಕೋತಿದ್ದೆ, ಅಲ್ವಾ? ಹಿಮ್ಮಡಿ ಗುಳಿ ಬಿದ್ದೈತೆ," ಅಂದಳು ಗಾಣದ ಮನೆಯ ಹಿಂದೆ. "ಗಾಣದ ಸದ್ದು ಕೇಳಕ್ಕೆ," ಅಂದೆ. "ಇಲ್ಲಿ ಬಗ್ಗಿದ್ದೆ." "ಯಾರೋ ಬಂದಾಗ." "ಇಲ್ಲೂ ಬಗ್ಗಿದ್ದೆ. ಇಲ್ಲೂ. ಅಯ್ಯೋ, ಎಷ್ಟ್ ಬಗ್ತೀಯವ್ವ, ನಾಟಿ ಮಾಡೋರೂ ಇಷ್ಟು ಬಗ್ಗಲ್ಲ." ನಗು ತಡೆಯಲಾಗಲಿಲ್ಲ ನನಗೆ.

ಏರಿಯ ಕೆಳಗೆ ಹೊಂಗೆಯ ನೆರಳಿನಲ್ಲಿ ಮಂಕರಿ ಇಳಿಸಿ ಕೂತಳು. ಎಲೆ ಅಡಿಕೆ ತೆಗೆದು, ಸುಣ್ಣ ಹಚ್ಚುತ್ತ, ನನ್ನ ಕಡೆ ನೋಡದೆ ಕೇಳಿದಳು.

"ಬೀದಿ ಬಿಟ್ಟು ಇಷ್ಟು ಸುತ್ತಕ್ಕೆ ಅಲ್ಲಿ ಏನಾಗಿತ್ತು?"

ಒಂಬತ್ತು ವರ್ಷ ಯಾರಿಗೂ ಹೇಳಿರಲಿಲ್ಲ. ದಿನಚರಿಯಲ್ಲೂ 'ಆ ದಿನ' ಎಂದು ಮಾತ್ರ ಬರೆದಿದ್ದೆ.

"ಹತ್ತನೇ ಕ್ಲಾಸಿನಲ್ಲಿದ್ದೆ. ಅಮ್ಮ ಹೊಸ ಲಂಗ ದಾವಣಿ ಹೊಲಿಸಿದ್ಲು. ಉಟ್ಕೊಂಡು ಉದ್ದಬೀದೀಲಿ ಬರ್ತಿದ್ದೆ. ಇಸ್ಮಾಯಿಲ್ ಸಾಬ್ರ ಹೊಲಿಗೆ ಅಂಗಡಿ ಜಗಲಿ ಮೇಲೆ ಹೆಂಗಸರೆಲ್ಲ ಕೂತಿದ್ರು. ಯಾರೋ ಕೈ ಬೀಸಿ, 'ಬಾರೇ ಬಾರೇ, ಎಷ್ಟು ಚೆನ್ನಾಗ್ ಕಾಣ್ತಿದೀಯ, ಬಾ ಇಲ್ಲಿ' ಅಂದ್ರು. ನಾನೂ ಕೈ ಬೀಸ್ದೆ. ಜಗಲಿ ಹತ್ತಿ ಅವರ ಮಧ್ಯೆ ಹೋಗಿ ಕೂತು, 'ಅಮ್ಮ ಹೊಲಿಸಿದ್ದು' ಅಂದೆ." ಬಿದ್ದಿದ್ದ ಒಂದು ಹೂವು ಎತ್ತಿಕೊಂಡೆ. "ಅವರು ಕರೆದದ್ದು ನನ್ನ ಹಿಂದೆ ಬರ್ತಿದ್ದ ಹೊಸ ಮದುವಣಗಿತ್ತೀನ."

ದ್ಯಾವೀರಮ್ಮ ಎಲೆ ಬಾಯಿಗಿಟ್ಟುಕೊಂಡಳು. ಅಂಥದ್ದೇನೂ ನಡೆದದ್ದು ಯಾರಿಗೂ ನೆನಪಿಲ್ಲ ಅನ್ನುತ್ತಾಳೆ ಎಂದುಕೊಂಡೆ. ಅಮ್ಮನಾಗಿದ್ದರೆ ಹಾಗೇ ಅನ್ನುತ್ತಿದ್ದಳು.

"ನೆನಪೈತೆ," ಅಂದಳು. "ನಾನೂ ಅಲ್ಲೇ ಕೂತಿದ್ದೆ. ನಾನೂ ನಕ್ಕೆ."

ನಾನು ಕೈಯಲ್ಲಿದ್ದ ಹೂವನ್ನು ನೆಲಕ್ಕೆ ಹಾಕಿದೆ.

"ನೀನು ಬಂದು ಮಧ್ಯಕ್ಕೆ ಕೂತ್ಯಲ್ಲ, ಕೋಳಿ ಮರಿ ಬಂದು ಪುಟ್ಟೀಲಿ ಕೂತಂಗೆ. ಸಖತ್ ನಗು ಬಂತು. ಒಂದ್ ಗಳಿಗೆ. ಆಮೇಲೆ ಆ ಮದುವಣಗಿತ್ತಿ ಬಂದ್ಲಲ್ಲ, ಅವಳ ಓಲೆ ನೋಡ್ತಾ ಕೂತ್ವಿ. ನೀನು ಎದ್ದು ಹೋಗಿದ್ದು ಯಾವಾಗ್ಲೋ." ಎಲೆಯ ರಸ ಪಕ್ಕಕ್ಕೆ ಉಗಿದಳು. "ನಿನ್ ದಾವಣಿ ಹಸಿರು ಬಣ್ಣ. ಚೆನ್ನಾಗಿತ್ತು. ಯಾರೂ ಹೇಳ್ಲಿಲ್ಲ ನಿಂಗೆ."

ಒಂದು ಗಳಿಗೆ. ನಾನು ಅದನ್ನು ಒಂಬತ್ತು ವರ್ಷ ನಡೆದಿದ್ದೆ. ನಡುವೆ ಕಾಲೇಜಿನ ಮೂರು ವರ್ಷ ತೆಗೆದರೂ ದಿನಕ್ಕೆ ಹೋಗಿ ಬಂದು ಸಾವಿರದೆಂಟುನೂರು ಹೆಜ್ಜೆ. ಗುಣಿಸಲು ಹೊರಟು ಅರ್ಧಕ್ಕೆ ಬಿಟ್ಟೆ. ಹೊಂಗೆಯ ಹೂವೊಂದು ದ್ಯಾವೀರಮ್ಮನ ತುರುಬಿನ ಮೇಲೆ ಬಿತ್ತು. ಇನ್ನೊಂದು ನನ್ನ ಮಡಿಲಿಗೆ.

"ನಿಮ್ಮದೂ ಇದ್ರೆ ಹೇಳಿ, ನಾನು ಮುಚ್ಚಿಕೊಡ್ತೀನಿ," ಅಂದೆ. ಒಬ್ಬರು ಮುಚ್ಚಿದರೆ ಅವರದನ್ನು ಇವರು ಮುಚ್ಚುವುದು ರೂಢಿ.

"ನನ್ ಜಾಡೆಲ್ ಐತವ್ವ? ಯಾರು ಸೊಪ್ಪು ಅಂತಾರೋ ಆ ಕಡೆ ಹೋಗೋಳು. ಒಂದೇ ಒಂದೈತೆ, ನಮ್ಮನೆಯಿಂದ ಇಸ್ಮಾಯಿಲ್ ಸಾಬ್ರ ಅಂಗಡಿ ಹಿಂದಕ್ಕೆ. ರವಿಕೆ ಕೊಟ್ಟು ಆರು ವರ್ಷ ಆಯ್ತು, ಹೊಲಿದಿಲ್ಲ. ದಿನಾ ಹೋಗಿ ಬೈದು ಬರ್ತೀನಿ."

"ಹಾಗಾದ್ರೆ ಅದನ್ನೇ ಮುಚ್ತೀನಿ."

"ಬೇಡಪ್ಪ ಬೇಡ!" ಆಕೆ ನಿಜವಾಗಿ ಗಾಬರಿಯಾದಳು. "ಅದು ಮುಚ್ಚೋಯ್ತು ಅಂದ್ರೆ ನಾನ್ ಇನ್ ಬರಲ್ಲ ಅಂತ ಅವ್ರು ರವಿಕೆ ಹೊಲಿದು ಕೊಟ್ಟುಬಿಡ್ತಾರೆ. ಆಮೇಲೆ ಮಧ್ಯಾಹ್ನ ನಾನೇನ್ ಮಾಡ್ಲಿ?"

ಸಂಜೆಯೊಳಗೆ ಮುಗಿಯಿತು. ವಾಚನಾಲಯದ ಹಿಂಬಾಗಿಲಲ್ಲಿ ಕೊನೆಯ ಹಿಡಿ ಹಾಕಿ ಕೈ ಝಾಡಿಸಿಕೊಂಡಳು. ಮಾರನೇ ದಿನ ಎದ್ದು ಹಿತ್ತಿಲಿಗೆ ಹೋದೆ. ಜಾಡು ಇದ್ದ ಕಡೆ ನೆಲ ಒದ್ದೆಯಾಗಿ, ನುಣ್ಣಗೆ, ಆಗತಾನೇ ಸಾರಿಸಿದ ಅಂಗಳದ ಹಾಗಿತ್ತು. ಒಂದು ಮೈನಾ ಅದರ ಮೇಲೆ ನಡೆಯುತ್ತಿತ್ತು. ನನಗೆ ಕಾಲಿಡಲು ಮನಸ್ಸು ಬರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹೇಳಿದ್ನೋ ಇಲ್ವೋ ಎಂಬ ಮಾತು ಅವಳ ತುಟಿಯ ಮೇಲಿತ್ತು. ಕಾಫಿ ಕೊಟ್ಟಳು.

ಯುಗಾದಿಯಾದ ಮಾರನೇ ದಿನ ಬೀಗದಕೈ ಹಿಡಿದು ಮುಂಬಾಗಿಲಿನಿಂದ ಹೊರಟೆ. ಬಾಗಿಲು ಬಾಗಿಲಿಗೂ ಮಾವಿನೆಲೆ ಇನ್ನೂ ಬಾಡಿರಲಿಲ್ಲ. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಕಾಲಿಗೆ ಎಲ್ಲಿ ಹೋಗಬೇಕೆಂದು ಗೊತ್ತಿರಲಿಲ್ಲ, ಸ್ವಲ್ಪ ಈ ಬದಿ, ಸ್ವಲ್ಪ ಆ ಬದಿ, ಬಿಚ್ಚಿಬಿಟ್ಟ ಕರುವಿನ ಹಾಗೆ. ಯಾರೋ ರಂಗೋಲಿ ಹಾಕಿದ್ದರೆಂದು ಒಂದು ಕಡೆ ಬಳಸಿದೆ. ಇನ್ನೊಂದು ಕಡೆ ನೆರಳಿತ್ತೆಂದು ದಾಟಿದೆ.

ಇಸ್ಮಾಯಿಲ್ ಸಾಬರ ಅಂಗಡಿ ಬಂತು. ಜಗಲಿಯ ಮೇಲೆ ನಾಲ್ಕೈದು ಹೆಂಗಸರು, ಕೊನೆಯಲ್ಲಿ ದ್ಯಾವೀರಮ್ಮ ಬುಟ್ಟಿ ಇಟ್ಟುಕೊಂಡು. ನಡುವೆ ಕೂತಿದ್ದವರೊಬ್ಬರು ನನ್ನ ಕಡೆ ನೋಡಿ ಅಗಲವಾಗಿ ನಕ್ಕು ಕೈ ಬೀಸಿದರು. "ಬಾ ಬಾ, ಎಷ್ಟೊತ್ತು ನಿಂಗೆ?"

ನಾನು ಕೈ ಎತ್ತಿ ಬೀಸಿದೆ.

ನನ್ನ ಪಕ್ಕದಿಂದಲೇ ಬಾಳೆಗೊನೆ ಹೊತ್ತವನೊಬ್ಬ ದಾಟಿಕೊಂಡು, "ಬಂದೆ ಕಣಕ್ಕ, ಗೊನೆ ಇಳಿಸೋದು ಬೇಡ್ವಾ?" ಎನ್ನುತ್ತ ಜಗಲಿಯ ಹತ್ತಿರ ಹೋದ.

ನನ್ನ ಕೈ ಇನ್ನೂ ಮೇಲೆಯೇ ಇತ್ತು. ಇಸ್ಮಾಯಿಲ್ ಸಾಬರು ಕನ್ನಡಕದ ಮೇಲಿಂದ ನೋಡಿದರು. ದ್ಯಾವೀರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಆಕೆಯ ಹೊಟ್ಟೆ ಆಗಲೇ ಕುಲುಕುತ್ತಿತ್ತು. ನಾನು ಕಾಲ ಕೆಳಗೆ ನೋಡಿದೆ. ನೆಲ ಸಮವಾಗಿತ್ತು.

"ನನ್ನನ್ನೇ ಕರೆದ್ರಿ ಅಂದ್ಕೊಂಡೆ," ಅಂದೆ. ದನಿ ಜಗಲಿಯ ಕೊನೆಯವರೆಗೂ ಕೇಳಿತು.

ಎಲ್ಲರೂ ನಕ್ಕರು. ನಾನೂ. ಎಷ್ಟು ಹೊತ್ತು ಎಂದು ನೋಡುವ ಕುತೂಹಲ ನನಗೆ. ನಿಜ, ಒಂದು ಗಳಿಗೆಯೇ.

"ನಿಂಗೂ ಅಂತ್ಲೇ ಇಟ್ಕೋ," ಅಂದರು ಕೈ ಬೀಸಿದಾಕೆ, ಸರಿದು ಜಾಗ ಮಾಡುತ್ತ. "ಬಾ, ಒಂದು ಬಾಳೆಹಣ್ಣು ತಿಂದು ಹೋಗು." ಹತ್ತಿ ಕೂತೆ. ಹಣ್ಣು ತಿಂದೆ. ಸಾಬರು ಆರು ವರ್ಷದ ರವಿಕೆಗೆ ಇವತ್ತು ಯಾವ ನೆಪ ಹೇಳುತ್ತಾರೆಂದು ಸ್ವಲ್ಪ ಕೇಳಿದೆ. ವಾಚನಾಲಯದ ಮೆಟ್ಟಿಲು ತಲುಪಿದಾಗ ಹತ್ತು ಗಂಟೆಯಾಗಿ ಐದು ನಿಮಿಷ. ಪೇಪರಿಗೆ ಕಾಯುತ್ತಿದ್ದವರು ಗೊಣಗಿದರು. ಬೀಗ ಸಲೀಸಾಗಿ ತೆರೆಯಿತು.

ಮಧ್ಯಾಹ್ನ ಜನ ಕಡಿಮೆಯಾದಾಗ ದಿನಚರಿ ತೆರೆದೆ. ಅಭ್ಯಾಸದಂತೆ ಮೇಲಿನ ಮೂಲೆಗೆ ಪೆನ್ನು ಹೋಯಿತು. ಬರೆಯಲು ಏನೂ ಇರಲಿಲ್ಲ, ಎಣಿಸುವುದನ್ನೇ ಮರೆತಿದ್ದೆ. ಅಮ್ಮ ಹೇಳುವ ಇನ್ನೂರ ಮೂವತ್ತು ಬರೆಯೋಣವೆಂದರೆ ನಾನು ರಂಗೋಲಿ ಬಳಸಿದ್ದೆ, ನೆರಳಿಗೆ ದಾಟಿದ್ದೆ, ಜಗಲಿ ಹತ್ತಿ ಇಳಿದಿದ್ದೆ. ಹೋಗಲಿ ಎಂದು ಮೂಲೆಯನ್ನು ಹಾಗೇ ಬಿಟ್ಟೆ.

ಅಷ್ಟರಲ್ಲಿ ಯಾರೋ ಮುಂಬಾಗಿಲಿನಿಂದ ಒಳಗೆ ಬಂದು ಮೇಜಿನ ಎದುರು ನಿಂತರು. ನನ್ನ ಕಣ್ಣು ಹಳೆಯ ರೂಢಿಯಂತೆ ಮೊದಲು ನೆಲಕ್ಕೆ ಹೋಯಿತು. ಎಡಗಾಲಿನ ಗಂಟಿನ ಮೇಲೆ ಕೆಂಪು ದಾರ. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಏನೋ ಗುನುಗುತ್ತ.

ಪೆನ್ನಿನ ಮುಚ್ಚಳ ಹಾಕಿ, ತಲೆ ಎತ್ತಿ, ನಾನೇ ಮೊದಲು "ಬನ್ನಿ" ಅಂದೆ.